ಹುಣಸೆ ಬೀಜದ ಲೆಕ್ಕ: ನಾಲ್ಕೂವರೆ ತಿಂಗಳ ಕೂಸು, ಒಂದು ಮನೆಯ ನಿದ್ದೆ

ಫೆಬ್ರವರಿ ಮಧ್ಯದ ಒಂದು ಬೆಳಿಗ್ಗೆ. ತಾಯಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಐದು ನಿಮಿಷದಲ್ಲಿ ಕೂತಲ್ಲೇ ತೂಕಡಿಸಿದರು. ತೊಡೆ ಮೇಲಿದ್ದ ಮಗು ಮಾತ್ರ ಕಣ್ಣರಳಿಸಿಕೊಂಡು ನನ್ನ ಐಡಿ ಕಾರ್ಡಿನ ದಾರ ಹಿಡಿಯಲು ಕೈ ಚಾಚುತ್ತಿತ್ತು. ನಾನೇ ಎತ್ತಿಕೊಂಡೆ. ತಾಯಿಗೆ ಎಚ್ಚರವಾಗಿ "ಸಾರಿ ಮೇಡಂ" ಅಂದರು. ಆಮೇಲೆ ಅತ್ತರು.

ನಾನು ಮೈಸೂರಿನ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ನರ್ಸ್. ಹಾಲೂಡಿಸುವುದು, ಮೊದಲ ಊಟ, ನಿದ್ದೆ, ಹೀಗೆ ಡಾಕ್ಟರ್ ನೋಡಿ ಕಳಿಸಿದ ಮೇಲೆ ಉಳಿಯುವ ಪ್ರಶ್ನೆಗಳು ನನ್ನ ಟೇಬಲ್‌ಗೆ ಬರುತ್ತವೆ. ಈ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಇಲ್ಲ. ಮಗುವನ್ನು ಪುಟ್ಟಿ ಅನ್ನುತ್ತೇನೆ, ನಮ್ಮ ಕಡೆ ಅರ್ಧ ಹೆಣ್ಣುಮಕ್ಕಳು ಮನೆಯಲ್ಲಿ ಪುಟ್ಟಿಯೇ ಅಲ್ವಾ.

ಮನೆ, ಮಂದಿ

ತಾಯಿಗೆ 31 ವರ್ಷ, ಮಂಡ್ಯದ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್. ಮನೆ ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ಎರಡು ರೂಮಿನ ಬಾಡಿಗೆ ಮನೆ, ಮೇಲ್ಗಡೆ ಓನರ್. ತಂದೆಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಕೆಲಸ, ಮೂರು ವಾರಕ್ಕೊಮ್ಮೆ ನೈಟ್ ಶಿಫ್ಟ್. ಜೊತೆಯಲ್ಲಿ ತಂದೆಯ ಅಮ್ಮ. ಮಳವಳ್ಳಿ ಕಡೆಯವರು, ನಾಲ್ಕು ಮಕ್ಕಳನ್ನು ಸಾಕಿದವರು. ಈ ಪ್ರಕರಣದಲ್ಲಿ ನನಗಿಂತ ಜಾಸ್ತಿ ಕೆಲಸ ಮಾಡಿದವರು ಅವರೇ.

ಹೆರಿಗೆ ರಜೆ ಈಗ 26 ವಾರ. 2017ರ ತಿದ್ದುಪಡಿಗೆ ಮೊದಲು 12 ವಾರ ಇತ್ತು. ಇವರಿಗೆ ಹೆರಿಗೆಗೆ ಮುಂಚೆಯೇ 2 ವಾರ ಹೋಗಿತ್ತು, ಈಗ ಕೈಯಲ್ಲಿ ಉಳಿದದ್ದು 4 ವಾರ. ಆಮೇಲೆ ಬೆಳಿಗ್ಗೆ ರೈಲು ಹಿಡಿದು 45 ಕಿಲೋಮೀಟರ್ ಹೋಗಿ ಕೌಂಟರಿನಲ್ಲಿ ಕೂರಬೇಕು. "ಎರಡು ಗಂಟೆ ನಿದ್ದೆ ಮಾಡಿ ದುಡ್ಡು ಎಣಿಸೋದು ಹೇಗೆ ಮೇಡಂ? ಕಮ್ಮಿ ಬಿದ್ರೆ ನಾನೇ ಕಟ್ಟಬೇಕು."

ಬಾಣಂತನ ಆಗಿದ್ದು ತವರಿನಲ್ಲಿ, ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಕೋಣೆಯ ಕಿಟಕಿಗೆ ಹಳೇ ಸೀರೆ ತುರುಕಿ ಮುಚ್ಚಿದ್ದರಂತೆ. ಮೂರು ತಿಂಗಳು ಮಗುವಿಗೆ ಹಗಲೂ ಕತ್ತಲೆ, ರಾತ್ರಿಯೂ ಕತ್ತಲೆ. ಹನ್ನೊಂದು ಗಂಟೆಗೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಆಮೇಲೆ ಮೂರು ಗಂಟೆ ಗಾಢ ನಿದ್ದೆ. ರಾತ್ರಿ ಹನ್ನೆರಡಕ್ಕೆ ಆಟ. ಹುಟ್ಟಿದ ಮಗುವಿಗೆ ಹಗಲು ರಾತ್ರಿಯ ಗಡಿಯಾರ ಇನ್ನೂ ಇರುವುದಿಲ್ಲ. ಅದು ಎರಡು ಮೂರು ತಿಂಗಳ ಹೊತ್ತಿಗೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ, ಅದಕ್ಕೆ ಹಗಲಿನ ಬೆಳಕು ಬೇಕು. ಹಾಗಂತ ಬಾಣಂತನವನ್ನು ಬೈಯುವವಳು ನಾನಲ್ಲ. ಆ ಮೂರು ತಿಂಗಳು ಈ ತಾಯಿಗೆ ಬಿಸಿ ಊಟ ಸಿಕ್ಕಿತ್ತು. ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ ಇದ್ದವು, ಮಧ್ಯಾಹ್ನ ಮಲಗಲು ಪುರುಸೊತ್ತಿತ್ತು. ಕಿಟಕಿ ಒಂದು ತೆರೆದಿದ್ದರೆ ಸಾಕಿತ್ತು.

ಮೊದಲು ಡಾಕ್ಟರ್ ನೋಡಿದರು. ನಿದ್ದೆಯ ದೂರು ಬಂದಾಗ ಇದನ್ನು ಬಿಟ್ಟು ಮುಂದೆ ಹೋಗಬಾರದು. ಹುಟ್ಟಿದಾಗ 2.8 ಕಿಲೋ, ಈಗ 5.9. ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕ ಇಮ್ಮಡಿ ಆಗಬೇಕು ಅನ್ನುವ ಲೆಕ್ಕದಲ್ಲಿ ಚೆನ್ನಾಗೇ ಇದೆ. ಕಿವಿ ಸರಿ, ಮೂಗು ಕಟ್ಟಿಲ್ಲ, ಗೊರಕೆ ಇಲ್ಲ, ದಿನಕ್ಕೆ ಆರೇಳು ಸಲ ಉಚ್ಚೆ. ವಿಟಮಿನ್ ಡಿ ಹನಿ ದಿನಾ 400 ಯೂನಿಟ್ ಹೋಗುತ್ತಿದೆ. ಎದೆಹಾಲು ಬಿಟ್ಟು ಇನ್ನೇನೂ ಇಲ್ಲ ಅಂದರು. ಆ ಕೊನೇ ಮಾತು ಎಷ್ಟು ದಿನ ನಿಜವಾಗಿ ಉಳಿಯಿತು ಅನ್ನುವುದು ಮುಂದೆ ಬರುತ್ತದೆ.

ಎಷ್ಟು ಸಲ?

"ರಾತ್ರಿ ಎಷ್ಟು ಸಲ ಏಳುತ್ತೆ?" ಅಂದೆ. ತಾಯಿ "ಇಪ್ಪತ್ತು ಸಲ" ಅಂದರು. ತಂದೆ "ನಾಲ್ಕೈದು" ಅಂದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿಯಲ್ಲೇ ಅರ್ಧ ಪ್ರಕರಣ ಇತ್ತು.

ಬರೆದಿಡಿ ಅಂತ ನಮ್ಮ ಅಚ್ಚು ಹಾಕಿಸಿದ ಹಾಳೆ ಕೊಟ್ಟೆ. ಎರಡು ದಿನ ಬಿಟ್ಟು ಖಾಲಿ ವಾಪಸ್ ಬಂತು. ರಾತ್ರಿ ಎರಡು ಗಂಟೆಗೆ, ಕತ್ತಲೆಯಲ್ಲಿ, ಕಂಕುಳಲ್ಲಿ ಮಗು ಇಟ್ಟುಕೊಂಡು ಪೆನ್ನು ಹುಡುಕುವವರು ಯಾರು? ದಾರಿ ಹುಡುಕಿದ್ದು ಅಜ್ಜಿ. ಅದು ಹುಣಸೆಹಣ್ಣಿನ ಕಾಲ. ಅಜ್ಜಿ ದಿನಾ ಹಿತ್ತಲಲ್ಲಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಹಾಸಿಗೆ ಪಕ್ಕ ಒಂದು ಸ್ಟೀಲ್ ಲೋಟ, ಒಂದು ಹಿಡಿ ಬೀಜ. ಮಗು ಎದ್ದಾಗೆಲ್ಲ ಒಂದು ಬೀಜ ಲೋಟಕ್ಕೆ. ಮೊದಲ ಮೂರು ಬೆಳಿಗ್ಗೆ ಎಣಿಸಿದಾಗ 11, 9, 10.

ಇಪ್ಪತ್ತೂ ಅಲ್ಲ, ನಾಲ್ಕೂ ಅಲ್ಲ. ತಾಯಿಗೆ ಇದರಿಂದಲೇ ಒಂಚೂರು ಜೀವ ಬಂತು ಅಂತ ಆಮೇಲೆ ಹೇಳಿದರು.

ಸಂಜೆ ಏಳೂವರೆಗೆ ಅವರ ಮನೆಗೆ ಹೋದೆ. ನಡುಮನೆಯ ತಾರಸಿಯಲ್ಲಿ ಕಬ್ಬಿಣದ ಕೊಕ್ಕೆ, ಅದಕ್ಕೆ ಹಳೇ ಕಾಟನ್ ಸೀರೆಯ ಜೋಲಿ. ಪುಟ್ಟಿಗೆ ಸ್ವೆಟರ್, ಕುಲಾವಿ, ಕಾಲುಚೀಲ. ಫೆಬ್ರವರಿ ಸೆಕೆ ಶುರುವಾಗಿತ್ತು, ಕತ್ತಿನ ಹಿಂದೆ ಕೈ ಇಟ್ಟರೆ ಬೆವರು. ತಲೆ ಕೆಳಗೆ ರಾಗಿ ತುಂಬಿದ ದಿಂಬು, ತಲೆ ಗುಂಡಗಾಗಲಿ ಅಂತ. ಎಂಟಕ್ಕೆ ಟಿವಿ ಧಾರಾವಾಹಿ, ಜೊತೆಗೆ ತಂದೆಯ ಮೊಬೈಲ್‌ನಲ್ಲಿ ಮಕ್ಕಳ ಹಾಡಿನ ವಿಡಿಯೋ. ಹತ್ತೂವರೆಗೆ ಜೋಲಿಗೆ ಹಾಕಿದರು. ಅಜ್ಜಿ ಜೋಲಿಯಿಂದ ಒಂದು ಹಗ್ಗ ಇಳಿಬಿಟ್ಟು ಅದರ ತುದಿಯನ್ನು ತಮ್ಮ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಚಾಪೆ ಮೇಲೆ ಒರಗಿದರು. ಕಾಲು ಆಡುತ್ತದೆ, ಜೋಲಿ ಆಡುತ್ತದೆ, ಕೊಕ್ಕೆ ಕಿರ್ ಕಿರ್ ಅನ್ನುತ್ತದೆ. ಹತ್ತು ನಿಮಿಷಕ್ಕೆ ಪುಟ್ಟಿ ಮಲಗಿದಳು. ಸ್ವಲ್ಪ ಹೊತ್ತಿಗೆ ಅಜ್ಜಿಗೂ ಜೊಂಪು. ಕಾಲು ನಿಂತಿತು, ಕೊಕ್ಕೆಯ ಸದ್ದೂ ನಿಂತಿತು. ಗಡಿಯಾರ ನೋಡುತ್ತಾ ಕೂತೆ. ಮಲಗಿ ಐವತ್ತು ನಿಮಿಷ ಆಗಿರಬೇಕು, ಜೋಲಿಯೊಳಗಿಂದ ಒಂದು ಕುಂಯ್. ಅಜ್ಜಿಯ ಕಾಲು ನಿದ್ದೆಯಲ್ಲೇ ಆಡಲು ಶುರುಮಾಡಿತು.

ಅಲ್ಲಿ ಕೂತು ನೋಡದೆ ಇದ್ದಿದ್ದರೆ ನಾನು ಪುಟ್ಟಿಯ ಬಗ್ಗೆ ಏನೇನೋ ಹೇಳುತ್ತಿದ್ದೆ.

ನಮ್ಮ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಎಳೆ ಮಕ್ಕಳದ್ದು ಸುಮಾರು 50 ರಿಂದ 60 ನಿಮಿಷ. ಒಂದೊಂದು ಸುತ್ತಿನ ಕೊನೆಗೂ ಎಲ್ಲರಿಗೂ ಅರೆ ಎಚ್ಚರ ಆಗುತ್ತದೆ. ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಮಗು ಕಣ್ಣು ಬಿಟ್ಟಾಗ ಮಲಗುವಾಗ ಇದ್ದದ್ದನ್ನು ಹುಡುಕುತ್ತದೆ. ತೂಗಾಟದಲ್ಲಿ ಮಲಗಿತ್ತು, ಈಗ ತೂಗಾಟ ಇಲ್ಲ. ನೀವು ಮಂಚದ ಮೇಲೆ ಮಲಗಿ ಜಗಲಿ ಮೇಲೆ ಎದ್ದರೆ ಸುಮ್ನೆ ಮತ್ತೆ ಮಲಗುತ್ತೀರಾ? ಮೂರು ನಾಲ್ಕು ತಿಂಗಳ ಹೊತ್ತಿಗೆ ನಿದ್ದೆಯ ಸ್ವರೂಪವೇ ಬದಲಾಗಿ ಈ ಎಚ್ಚರಗಳು ಎದ್ದು ಕಾಣತೊಡಗುತ್ತವೆ. ಅದೇ ಹೊತ್ತಿಗೆ ಈ ಮಗು ಪಾಂಡವಪುರ ಬಿಟ್ಟು ಮೈಸೂರಿಗೆ ಬಂದಿತ್ತು. "ಊರು ಬದಲಾಗಿದ್ದಕ್ಕೆ ದೃಷ್ಟಿ ಆಯ್ತು" ಅಂತ ಅಜ್ಜಿ ಮೂರು ಸಲ ಉಪ್ಪು ಮೆಣಸಿನಕಾಯಿ ನೀವಾಳಿಸಿದ್ದರು. ಅದರಿಂದ ಏನೂ ಕೆಡುವುದಿಲ್ಲ, ನಾನು ಆ ಮಾತಿಗೆ ಹೋಗಲಿಲ್ಲ.

ಮಗು ಏಳುವುದನ್ನು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಎದ್ದಾಗ ಅದಕ್ಕೆ ಏನು ಬೇಕಾಗುತ್ತದೆ, ಅದನ್ನು ಬದಲಾಯಿಸಬಹುದು. ಈ ಮನೆಯಲ್ಲಿ ಪ್ರತಿ ಸಲವೂ ಬೇರೆ ಬೇರೆ ಸಿಗುತ್ತಿತ್ತು. ಒಮ್ಮೆ ಹಗ್ಗ, ಒಮ್ಮೆ ಹಾಲು, ಒಮ್ಮೆ ಮೊಬೈಲ್, ಒಮ್ಮೆ ಹೆಗಲು.

ನನ್ನ ತಪ್ಪು

ಇಷ್ಟು ಅರ್ಥವಾದ ಮೇಲೆ ನಾನು ಅವಸರ ಮಾಡಿದೆ. ನಾಲ್ಕೇ ವಾರ ಇದೆ ಅನ್ನುವುದು ನನ್ನ ತಲೆಯಲ್ಲೂ ಕೂತುಬಿಟ್ಟಿತ್ತು. ಜೋಲಿ ಪೂರ್ತಿ ಬಿಚ್ಚಿ, ಹಗಲೂ ಬೇಡ. ಗಟ್ಟಿ ಹಾಸಿಗೆ ಮೇಲೆ ಎಚ್ಚರವಿದ್ದಾಗಲೇ ಮಲಗಿಸಿ. ಅತ್ತರೆ ಐದು ನಿಮಿಷ ಬಿಟ್ಟು ಹೋಗಿ, ಎತ್ತಬೇಡಿ. ಹೀಗೆ ಅಳಲು ಬಿಡುವ ಕ್ರಮಗಳು ಇವೆ, ದೊಡ್ಡ ಮಗುವಿಗೆ, ಸರಿಯಾದ ಮನೆಯಲ್ಲಿ ಫಲ ಕೊಡುತ್ತವೆ. ಇದು ಆ ಮಗುವೂ ಅಲ್ಲ, ಆ ಮನೆಯೂ ಅಲ್ಲ.

ಮೊದಲ ರಾತ್ರಿ 12 ಬೀಜ. ಎರಡನೇ ರಾತ್ರಿ 14. ಮೂರನೇ ರಾತ್ರಿ ಒಂದೂವರೆಗೆ ಮೇಲಿನ ಓನರ್ ಆಂಟಿ ಬಾಗಿಲು ತಟ್ಟಿ, "ಮಗೂಗೆ ಹುಷಾರಿಲ್ವಾ? ಆಸ್ಪತ್ರೆಗೆ ಹೋಗೋಣ್ವಾ?" ಅಂದರಂತೆ. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು, ಆದರೆ ಸೊಸೆಗೆ ಅವಮಾನ, ಅತ್ತೆಗೆ ಸಿಟ್ಟು. ನಾಲ್ಕನೇ ದಿನ ಬೆಳಿಗ್ಗೆ ನಾನು ಹೋದಾಗ ಅಜ್ಜಿ ಮಾತಾಡಲಿಲ್ಲ. ಪುಟ್ಟಿ ಮಂಕಾಗಿದ್ದಳು. ಹಾಲು ಕುಡಿಯುತ್ತಾ ಅರ್ಧಕ್ಕೇ ಕಣ್ಣು ಮುಚ್ಚುತ್ತಿದ್ದಳು.

ಅಡುಗೆಮನೆ ಕಿಟಕಿ ಕಟ್ಟೆ ಮೇಲೆ ಸಾಣೆಕಲ್ಲು ಕಂಡಿತು. ಮೇಲೆ ಇನ್ನೂ ಒಣಗದ ಕಂದು ಗಂಧ. ಮೂಸಿದೆ.

"ಜಾಯಿಕಾಯಿ ಕಣವ್ವಾ. ಎರಡೇ ಸುತ್ತು ತೇದಿದ್ದು. ನಾಕು ಮಕ್ಳ ಸಾಕಿವ್ನಿ, ಎಲ್ರಿಗೂ ಕೊಟ್ಟಿವ್ನಿ. ಕೂಸು ಹಂಗೆ ಅಳ್ತಾ ಬಿದ್ದಿದ್ರೆ ನೋಡ್ಕಂಡಿರಕಾಯ್ತದಾ?"

ಜಾಯಿಕಾಯಿ ಜಾಸ್ತಿಯಾದರೆ ಮಿದುಳಿಗೆ ಮಂಕು ಕವಿಸುವ ಪದಾರ್ಥ. ಎಳೆ ಮಗುವಿಗೆ ಅದು ನಂಜಾಗಬಹುದು. ಎರಡು ಸುತ್ತು ಅನ್ನುವುದು ಅಳತೆಯೇ ಅಲ್ಲ, ಕೈ ಒತ್ತಿದಂತೆ ಇಳಿಯುತ್ತದೆ. ಬಜೆಯನ್ನು ತೇದು ಜೇನುತುಪ್ಪದಲ್ಲಿ ನೆಕ್ಕಿಸುವುದೂ ಉಂಟು. ಒಂದು ವರ್ಷ ತುಂಬುವ ತನಕ ಜೇನು ಹನಿಯೂ ಬೇಡ, ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ತರುವ ಬೀಜಾಣು ಅದರಲ್ಲಿ ಇರಬಹುದು. ಕೂಡಲೇ ಆಟೋ ಹಿಡಿದು ಕ್ಲಿನಿಕ್‌ಗೆ ಕರೆದುಕೊಂಡು ಬಂದೆವು. ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಸರಿಯಾದಳು.

ಅಜ್ಜಿಯನ್ನು ಬೈಯುವುದು ಸುಲಭ ಇತ್ತು. ಆದರೆ ಆ ಕಲ್ಲನ್ನು ಕೆಳಗಿಳಿಸುವ ಹಾಗೆ ಮಾಡಿದ್ದು ನಾನು ಕೊಟ್ಟ ಪ್ಲಾನ್. ಅದನ್ನು ಅವರ ಎದುರೇ ಹೇಳಿದೆ. "ತಪ್ಪು ನನ್ನದು ಅಜ್ಜಿ. ನಿಮ್ಮನ್ನ ಕೇಳದೇನೇ ಎಲ್ಲಾ ಬದಲಾಯಿಸಿಬಿಟ್ಟೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಫಿ ಕುಡೀರವ್ವ" ಅಂದರು.

ಎರಡನೇ ಸುತ್ತು

ಈ ಸಲ ಎಲ್ಲರೂ ಕೂತು ಮಾತಾಡಿದೆವು. ಬಿಡುವ ಹಾಗಿಲ್ಲದ್ದು ಯಾವುದು, ಬಿಟ್ಟರೂ ನಡೆಯುವುದು ಯಾವುದು, ಅದನ್ನು ಮೊದಲು ಬೇರೆ ಮಾಡಿದೆ.

ಬಿಡುವ ಹಾಗಿಲ್ಲದ್ದು ಮಲಗುವ ಜಾಗ. ಮಗು ಯಾವಾಗಲೂ ಅಂಗಾತ ಮಲಗಬೇಕು. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಅಮೆರಿಕದಲ್ಲಿ 1994ರಿಂದ ಮಕ್ಕಳನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲೇ ಕಾರಣವಿಲ್ಲದೆ ತೀರಿಕೊಳ್ಳುವ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿಗೆ ತೊಂದರೆ, ಅದನ್ನು ನೋಡಬೇಕಾದವರೇ ಹಗ್ಗ ಸುತ್ತಿಕೊಂಡು ಮಲಗಿರುತ್ತಾರೆ. ಹಾಗಾಗಿ ರಾತ್ರಿ ಜೋಲಿ ಇಲ್ಲ. ಹಗಲು ಯಾರಾದರೂ ಎಚ್ಚರವಾಗಿ ಪಕ್ಕದಲ್ಲಿ ಕೂತಿದ್ದರೆ ಸದ್ಯಕ್ಕೆ ಇರಲಿ. ರಾಗಿ ದಿಂಬು ಹೊರಗೆ, ಅದರ ರಾಗಿ ಹಿಟ್ಟಿನ ಗಿರಣಿಗೆ ಹೋಯಿತು. ಮಲಗುವಾಗ ಕುಲಾವಿ, ಸ್ವೆಟರ್ ಬೇಡ, ತೆಳು ಕಾಟನ್ ಅಂಗಿ ಸಾಕು. ಸೊಳ್ಳೆ ಕಾಯಿಲ್ ಹೊಗೆ, ಸಾಂಬ್ರಾಣಿ ಹೊಗೆ ಬೇಡ, ಸೊಳ್ಳೆ ಪರದೆ ಇರಲಿ. ಮಗುವಿನ ಹಾಸಿಗೆ ಬೇರೆ, ಆದರೆ ತಾಯಿ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಾಯಿ ರಾತ್ರಿ ಸೋಫಾದಲ್ಲಿ ಕೂತು ಹಾಲು ಕೊಡುತ್ತಾ ನಿದ್ದೆ ಹೋಗುತ್ತಿದ್ದರು ಅನ್ನುವುದು ಆಗ ಗೊತ್ತಾಯಿತು. ನನಗೆ ಜೋಲಿಗಿಂತ ಅದೇ ಜಾಸ್ತಿ ಭಯ ಹುಟ್ಟಿಸಿತು.

ಸೋತದ್ದೂ ಇದೆ. ಸ್ನಾನ ಸಂಜೆಗೆ ಹಾಕೋಣ ಅಂದೆ. "ಹೊತ್ತು ಮುಳುಗಿದ ಮೇಲೆ ನೀರು ಹಾಕಿದ್ರೆ ಶೀತ" ಅಂತ ಅಜ್ಜಿ ಒಪ್ಪಲಿಲ್ಲ. ಸರಿ, ಸ್ನಾನ ಬೆಳಿಗ್ಗೆಯೇ ಇರಲಿ, ಸಂಜೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ. ಜಗಳ ಮಾಡುವಷ್ಟು ದೊಡ್ಡ ವಿಷಯ ಅಲ್ಲ ಅದು.

ಬೆಳಿಗ್ಗೆ ಏಳಕ್ಕೆ ಅಜ್ಜಿ ಪುಟ್ಟಿಯನ್ನು ಎತ್ತಿಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಬೆಳಕಿನಲ್ಲಿ ಕೂರುವುದು. ಹಗಲು ಮನೆಯಲ್ಲಿ ಮಿಕ್ಸಿ, ಮಾತು, ಬೆಳಕು ಎಲ್ಲಾ ಮಾಮೂಲು. ಐದರ ಮೇಲೆ ನಿದ್ದೆ ಬೇಡ. ಮೊಬೈಲ್ ಪೂರ್ತಿ ಬಂದ್. ಒಂದು ವರ್ಷದ ಒಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಎಂಟಕ್ಕೆ ರೂಮಿನ ದೀಪ ಸಣ್ಣದು. ಮೊದಲು ಹಾಲು, ಆಮೇಲೆ ಒರೆಸಿ ಬಟ್ಟೆ ಬದಲಿಸುವುದು, ಆಮೇಲೆ ಅಜ್ಜಿಯ ಜೋಗುಳ. ಹಾಲಿಗೂ ನಿದ್ದೆಗೂ ನಡುವೆ ಜೋಗುಳ ಬಂದರೆ ಬಾಯಲ್ಲಿ ಮೊಲೆ ಇದ್ದರೇ ನಿದ್ದೆ ಅನ್ನುವ ಗಂಟು ಸಡಿಲವಾಗುತ್ತದೆ. ಮಗು ಅರೆ ನಿದ್ದೆಯಲ್ಲಿರುವಾಗ ಹಾಸಿಗೆಗೆ, ಎದೆ ಮೇಲೆ ಅಜ್ಜಿಯ ಕೈ.

ಮೊದಲ ವಾರ ಕೇಳಿದ್ದು ಇಷ್ಟೇ: ಎಂಟು ಗಂಟೆಯ ಮೊದಲ ನಿದ್ದೆ ಮಾತ್ರ ಹಾಸಿಗೆಯಲ್ಲೇ ಬರಲಿ. ಆ ಹೊತ್ತಿಗೆ ದಿನದ ಆಯಾಸ ತುಂಬಿರುತ್ತದೆ, ಕಲಿಯಲು ಅದೇ ಸುಲಭದ ಸಮಯ. ಆಮೇಲೆ ಎದ್ದರೆ ಹೆಗಲಿಗೆ ಹಾಕಿ, ಓಡಾಡಿ, ಏನು ಬೇಕಾದರೂ ಮಾಡಿ. ಹಾಲು ಕೊಟ್ಟು ಮೂರು ಗಂಟೆ ಆಗಿದ್ದರೆ ತಾಯಿ ಹಾಲು ಕೊಡಲಿ. ಆಗಿಲ್ಲದಿದ್ದರೆ ಮೊದಲು ಅಜ್ಜಿ, ನೈಟ್ ಶಿಫ್ಟ್ ಇಲ್ಲದ ವಾರ ಎರಡು ಗಂಟೆ ಮೇಲೆ ತಂದೆ. ಆ ವಯಸ್ಸಿಗೆ ರಾತ್ರಿ ಎರಡು ಮೂರು ಸಲ ಹಾಲು ಬೇಕಾಗುವುದು ಸಹಜ, ಅದನ್ನು ಬಿಡಿಸುವ ಮಾತೇ ಇಲ್ಲ.

ಇನ್ನೊಂದು ವಿಷಯ, ಕುಂಯ್ ಅಂದ ಕೂಡಲೇ ಎತ್ತಬೇಡಿ ಅಂದೆ. ಎಳೆ ಮಕ್ಕಳು ನಿದ್ದೆಯಲ್ಲೇ ಮುಲುಕುತ್ತವೆ, ಮುಖ ಕಿವುಚುತ್ತವೆ, ಕೈಕಾಲು ಆಡಿಸುತ್ತವೆ. ಎಷ್ಟು ಹೊತ್ತು ಕಾಯಬೇಕು ಅಂತ ಅಜ್ಜಿ ಕೇಳಿದರು. ಒಂದು ನಿಮಿಷ ಅಂದೆ. ಕತ್ತಲಲ್ಲಿ ಒಂದು ನಿಮಿಷ ಗೊತ್ತಾಗುವುದು ಹೇಗೆ? ಅದಕ್ಕೂ ಅವರೇ ದಾರಿ ಕಂಡುಕೊಂಡರು. ಮನಸ್ಸಿನಲ್ಲೇ ಐವತ್ತು ಸಲ ಉಘೇ ಮಾದಪ್ಪ ಅನ್ನುವುದು. ಮುಗಿಯುವುದರೊಳಗೆ ಎಷ್ಟೋ ಸಲ ಪುಟ್ಟಿ ಮತ್ತೆ ಮಲಗಿರುತ್ತಿದ್ದಳು. ಅಂಥ ಸಲ ಬೀಜ ಹಾಕಬೇಕಾ ಬೇಡವಾ ಅಂತ ಅತ್ತೆ ಸೊಸೆಗೆ ಚರ್ಚೆ. ಬೇಡ ಅಂತ ನಾನು ತೀರ್ಪು ಕೊಟ್ಟೆ. ಲೆಕ್ಕ ಸ್ವಲ್ಪ ನಮ್ಮ ಪರವಾಗಿ ಬಾಗಿದ್ದು ಹೌದು.

ಮೊದಲ ವಾರ ದಿನಕ್ಕೆ ಸುಮಾರು 8 ಬೀಜ. ಎರಡನೇ ವಾರ 5. ಮೂರನೇ ವಾರ 4, ಅದರಲ್ಲಿ ಎರಡು ಹಾಲಿಗೆ. ಒಂದು ರಾತ್ರಿ ಎಂಟೂವರೆಯಿಂದ ಒಂದೂವರೆ ತನಕ ಒಂದೇ ಸಮ ಮಲಗಿದಳು. ತಾಯಿ ಗಾಬರಿಯಾಗಿ ಎದ್ದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರಂತೆ.

ಕೆಲಸಕ್ಕೆ ಹೋದ ಮೇಲೆ

ಮಾರ್ಚ್ ಮಧ್ಯದಲ್ಲಿ ರಜೆ ಮುಗಿಯಿತು, ಬೀಜ ಮತ್ತೆ 7ಕ್ಕೆ ಏರಿತು. ಹಗಲು ತಾಯಿ ಇಲ್ಲ. ಹಿಂಡಿಟ್ಟ ಹಾಲನ್ನು ಪುಟ್ಟಿ ಒಳಲೆಯಲ್ಲಿ ಮನಸ್ಸಿಲ್ಲದೆ ಸ್ವಲ್ಪ ಕುಡಿದು, ಬಾಕಿಯನ್ನೆಲ್ಲ ರಾತ್ರಿ ವಸೂಲಿ ಮಾಡತೊಡಗಿದಳು. ಇದು ಕೆಟ್ಟ ಅಭ್ಯಾಸ ಅಲ್ಲ, ಹಸಿವೂ ಹೌದು, ಅಮ್ಮ ಬೇಕು ಅನ್ನುವುದೂ ಹೌದು. ಸಂಜೆ ಮನೆಗೆ ಬಂದ ಕೂಡಲೇ ಒಂದು ಸಲ, ಎಂಟರ ಮುಂಚೆ ಒಂದು ಸಲ ಹೊಟ್ಟೆ ತುಂಬ ಕೊಡಿ ಅಂದೆ. ಅಕ್ಕಪಕ್ಕದವರು ರಾಗಿ ಸರಿ ಶುರು ಮಾಡಿ, ರಾತ್ರಿಯೆಲ್ಲ ಮಲಗುತ್ತೆ ಅಂದಿದ್ದರು. ಆರು ತಿಂಗಳು ತುಂಬಿದ ಮೇಲೇ ಶುರು ಮಾಡಿದರು. ಆ ರಾತ್ರಿ 5 ಬೀಜ, ಹಿಂದಿನ ರಾತ್ರಿಯೂ 5. ರಾಗಿ ಸರಿಯನ್ನು ಚೆನ್ನಾಗಿ ತಿಂದಳು, ನಿದ್ದೆಗೂ ಅದಕ್ಕೂ ಸಂಬಂಧ ಕಾಣಲಿಲ್ಲ.

ಮೇ ಕೊನೆಗೆ 2 ಅಥವಾ 3. ನೆಗಡಿ ಬಂದ ವಾರ 6, ಆಮೇಲೆ ಮತ್ತೆ ಕೆಳಗೆ. "ಪಕ್ಕದ ಮನೆ ಮಗು ಮೂರು ತಿಂಗಳಿಗೇ ಬೆಳಗಿನ ತನಕ ಮಲಗುತ್ತಂತೆ" ಅಂತ ತಂದೆ ಒಂದು ದಿನ ಕೇಳಿದರು. ಕೆನಡಾದಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಲೆಕ್ಕ ಹೇಳಿದೆ. ಆರು ತಿಂಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 38 ಮಕ್ಕಳು ಒಂದೇ ಸಮ 6 ಗಂಟೆ ಮಲಗುತ್ತಿರಲಿಲ್ಲ, ವರ್ಷ ತುಂಬಿದ ಮೇಲೂ ಸುಮಾರು 28 ಮಕ್ಕಳು ಮಲಗುತ್ತಿರಲಿಲ್ಲ. 4 ರಿಂದ 11 ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12 ರಿಂದ 16 ಗಂಟೆ ನಿದ್ದೆ ಸಿಕ್ಕರೆ ಸಾಕು. ಪುಟ್ಟಿಗೆ ಸುಮಾರು 13 ಗಂಟೆ ಸಿಗುತ್ತಿತ್ತು.

ಜೂನ್‌ನಲ್ಲಿ ಲೆಕ್ಕ ನಿಂತಿತು. ಪುಟ್ಟಿ ತೆವಳಲು ಶುರುಮಾಡಿದ್ದಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಹುಣಸೆ ಬೀಜ ಹಾಸಿಗೆ ಪಕ್ಕ ಇಡುವ ಹಾಗಿಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಮುಗಿಯಿತು. ಲೋಟ ಅಟ್ಟಕ್ಕೆ ಹೋಯಿತು. ಅಲ್ಲಿಂದ ಮುಂದೆ ನನ್ನ ಹತ್ತಿರ ಇರುವುದು ಅವರ ಬಾಯಿಮಾತು ಮಾತ್ರ.

ಒಂಬತ್ತು ತಿಂಗಳಿಗೆ ದಡಾರದ ಲಸಿಕೆಗೆ ಬಂದರು. ಹಗಲಿನ ಜೋಲಿಯೂ ತಾನಾಗೇ ಬಿಟ್ಟುಹೋಗಿತ್ತು. ಹೊರಳುವ ಮಗು ಅದರಲ್ಲಿ ನಿಲ್ಲುವುದಿಲ್ಲ. ಅಮ್ಮ ಕಣ್ಣಿಗೆ ಕಾಣದಿದ್ದರೆ ಅಳು ಶುರುವಾಗಿತ್ತು, ಹಾಗಾಗಿ ಎಂಟು ಗಂಟೆಯ ನಿದ್ದೆ ಸ್ವಲ್ಪ ಎಳೆಯುತ್ತಿತ್ತು. ರಾತ್ರಿ ಒಂದು ಸಲ, ಕೆಲವೊಮ್ಮೆ ಎರಡು ಸಲ ಏಳುತ್ತಾಳೆ, ಮೂರು ಗಂಟೆ ಹೊತ್ತಿಗೆ ಒಂದು ಸಲ ಹಾಲು. ಅದನ್ನೂ ಬಿಡಿಸುವುದು ಹೇಗೆ ಅಂತ ಕೇಳುತ್ತಾರೆ ಅಂದುಕೊಂಡು ಕಾದೆ.

"ಅದು ಇರಲಿ ಮೇಡಂ. ದಿನಕ್ಕೆ ಅದೊಂದೇ ಹೊತ್ತು ಅವಳೂ ನಾನೂ ಇಬ್ರೇ ಇರೋದು. ಕ್ಯಾಶ್ ಎಲ್ಲಾ ಸರಿಯಾಗೇ ಬರ್ತಾ ಇದೆ."

ಅಜ್ಜಿ ಹೊರಗೆ ಪುಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ಮಗಳಿಗೆ ಶ್ರಾವಣದಲ್ಲಿ ಹೆರಿಗೆಯಂತೆ, ಬಾಣಂತನ ಇವರದ್ದೇ. "ಜೋಲಿ ಸೀರೆ ಒಗೆದು ಮಡಚಿಟ್ಟಿವ್ನಿ" ಅಂದರು. ನಾನು ಮುಖ ನೋಡಿದೆ. "ಹಗ್ಗ ಬಿಚ್ಚಿವ್ನಿ ಬುಡವ್ವ. ಕಿಟಕೀನೂ ತೆಗೀತೀನಿ."